ಸ್ಕೂಟರಿನ ಪ್ರಸ್ಥಾನ

ವಿಜ್ಞಾನಿಗಳಲ್ಲಿ ಎರಡು ಬಗೆ. ಓದಿ ಆಗುವವರು ಒಂದು, ಕೊಂಡು ಆಗುವವರು ಇನ್ನೊಂದು. ಬನಶಂಕರಿ ಎರಡನೇ ಹಂತದ ಸೀನು ಎರಡನೇ ಬಗೆಯವನು. ವಿಮಾ ಕಚೇರಿಯಿಂದ ನಿವೃತ್ತನಾದ ಮೂರನೇ ತಿಂಗಳಿಗೆ ಬಿಳಿ ಬಣ್ಣದ ಬ್ಯಾಟರಿ ಸ್ಕೂಟರೊಂದನ್ನು ಮನೆಗೆ ತಂದು, ಅದರ ಹ್ಯಾಂಡಲ್ಲಿಗೆ ಫೋನು ಸಿಕ್ಕಿಸುವ ಹಿಡಿಕೆ ಹಾಕಿಸಿದ ಗಳಿಗೆಯಿಂದ ಅವನು ವಿಜ್ಞಾನಿಯಾದ. ಎರಡು ಚಕ್ರದಡಿಗೂ ನಿಂಬೆಹಣ್ಣು ಇಟ್ಟು ಜಜ್ಜಿಸಿಯೇ ಗಾಡಿಯನ್ನು ರಸ್ತೆಗಿಳಿಸಿದ್ದು ನಿಜ. ಆದರೆ ನಿಂಬೆಹಣ್ಣಿನಿಂದ ವಿಜ್ಞಾನಕ್ಕೆ ಯಾವ ತೊಂದರೆಯೂ ಇಲ್ಲವೆಂದು ಅವನ ಅಭಿಪ್ರಾಯ.

ಜಯನಗರದ ಅಷ್ಟೂ ಬ್ಲಾಕುಗಳನ್ನು ಕಣ್ಣು ಮುಚ್ಚಿಕೊಂಡು ತಿರುಗಿದ್ದ ಈ ಮನುಷ್ಯ, ಈಗ ಮೂಲೆಯಂಗಡಿಯಿಂದ ಕೊತ್ತಂಬರಿ ಸೊಪ್ಪು ತರುವುದಕ್ಕೂ ಮ್ಯಾಪ್ ಹಾಕುತ್ತಿದ್ದ. ಮ್ಯಾಪಿನೊಳಗಿನ ಹೆಂಗಸು "ನೂರು ಮೀಟರ್ ನಂತರ ಎಡಕ್ಕೆ ತಿರುಗಿ" ಎಂದರೆ "ಆಯ್ತಮ್ಮಾ" ಎಂದು ತಿರುಗುತ್ತಿದ್ದ. ಮದುವೆಯಾಗಿ ಮೂವತ್ತೆರಡು ವರ್ಷವಾದರೂ ಹೆಂಡತಿ ಅಲಮೇಲುವಿಗೆ ಇಂಥ ವಿಧೇಯತೆ ಒಂದು ದಿನವೂ ಸಿಕ್ಕಿರಲಿಲ್ಲ.

ಹೀಗಿರುವಾಗ ಅವರ ಒಬ್ಬಳೇ ಮಗಳು ಸಮನ್ವಿತಾ ತನಗೆ ಬೇಕಾದ ಹುಡುಗನನ್ನು ತಾನೇ ನೋಡಿಕೊಂಡಳು. ಹುಡುಗನ ಹೆಸರು ವಸಿಷ್ಠ, ಮನೆ ಅರೆಕೆರೆಯಲ್ಲಿ. ತಂದೆಯಿಲ್ಲದ ಅವನನ್ನು ತಾಯಿ ಸೀತಮ್ಮ ಹೆತ್ತರೂ, ಬೆಳೆಸಿ ತಿದ್ದಿದ್ದೆಲ್ಲ ಸೋದರತ್ತೆ ಕಮಲಾದೇವಿ. ಮೂವತ್ತೆಂಟು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ, ಹೆಡ್ಮಿಸ್ಸಾಗಿ ನಿವೃತ್ತರಾದವರು. ಅವರು ಹೂಂ ಅಂದರೆ ಮದುವೆ, ಊಹೂಂ ಅಂದರೆ ಇಲ್ಲ.

ಮುಖಪರಿಚಯವೂ ಇಲ್ಲದ ಸೀನುವಿಗೆ ಕಮಲಾದೇವಿಯವರೇ ಫೋನು ಮಾಡಿದರು. "ಈ ಶುಕ್ರವಾರ ಹನ್ನೊಂದೂವರೆಗೆ ನಮ್ಮನೆಗೆ ಬನ್ನಿ. ರಾಹುಕಾಲ ಗೀಹುಕಾಲ ನೋಡೋರಲ್ಲ ತಾನೆ ನೀವು?"

"ಛೆ ಛೆ! ಏನ್ ಮೇಡಂ ನೀವು! ನಾನು ವಿಜ್ಞಾನದ ಮನುಷ್ಯ. ನಮ್ಮನೇಲಿ ಪಂಚಾಂಗಾನೇ ಇಲ್ಲ" ಎಂದ ಸೀನು. ಅವನು ಆಗ ನಿಂತಿದ್ದದ್ದು ಗೋಡೆಗೆ ತೂಗುಹಾಕಿದ್ದ ಪಂಚಾಂಗದ ಕ್ಯಾಲೆಂಡರಿನ ಕೆಳಗೆ.

"ಸಂತೋಷ. ಹೊರಟ ತಕ್ಷಣ ಲೈವ್ ಲೊಕೇಶನ್ ಕಳ್ಸಿ. ನೀವು ಬಿಳೇಕಹಳ್ಳಿ ದಾಟಿದ್ರಿ ಅಂದ್ರೆ ನಮ್ಮ ಸೀತಮ್ಮ ಬೋಂಡಾ ಎಣ್ಣೆಗೆ ಬಿಡ್ತಾಳೆ. ಬಿಸಿಬಿಸಿ ಇರ್ಬೇಕು ನೋಡಿ."

ಸೀನು ಫೋನಿಟ್ಟಾಗ ಹೆಂಡತಿಯೂ ಮಗಳೂ ಎದುರಿಗೆ ನಿಂತಿದ್ದರು.

"ಅಪ್ಪ, ಯಾಕಪ್ಪ ಸುಳ್ಳು ಹೇಳಿದೆ?" ಎಂದಳು ಸಮನ್ವಿತಾ. ಅವಳ ಮುಖ ಸಣ್ಣದಾಗಿತ್ತು. "ಅತ್ತೆ ಏನು ಬೇಕಾದ್ರೂ ಸಹಿಸ್ತಾರೆ, ಸುಳ್ಳು ಮಾತ್ರ ಸಹಿಸಲ್ಲ ಅಂತ ವಸಿಷ್ಠ ನೂರು ಸಲ ಹೇಳಿದಾನೆ. ರಾಹುಕಾಲ ನೋಡ್ತೀವಿ ಅಂದಿದ್ರೆ ನಕ್ಕು ಸುಮ್ಮನಾಗೋರು. ಈಗ ಗೊತ್ತಾದ್ರೆ ಮುಗೀತು."

"ಗೊತ್ತಾಗೋದು ಹೇಗೆ? ನಾವೇನು ಬೋರ್ಡ್ ಹಾಕ್ಕೊಂಡು ಹೋಗ್ತೀವಾ?" ಎಂದ ಸೀನು, ಧೈರ್ಯವಾಗಿ.

ಆದರೆ ಅಲಮೇಲುವಿನ ಚಿಂತೆಯೇ ಬೇರೆ. ಶುಕ್ರವಾರ ರಾಹುಕಾಲ ಹತ್ತೂವರೆಯಿಂದ ಹನ್ನೆರಡು. ಮಗಳಿಗೆ ಮನೆಯಿಂದಲೇ ಆಫೀಸಿನ ಮೀಟಿಂಗು, ಅದು ಮುಗಿಯುವುದು ಹತ್ತೂ ಮುಕ್ಕಾಲಿಗೆ. ಅಂದರೆ ಮಗಳ ಮದುವೆ ಮಾತಿಗೆ ಹೊರಡುವುದು ಶುದ್ಧ ರಾಹುಕಾಲದಲ್ಲಿ. "ನನ್ನ ಹೆಣ ಹೊರಡ್ಬೇಕು ಆ ಹೊತ್ತಲ್ಲಿ" ಎಂದಳು ಅಲಮೇಲು. ಸ್ವಲ್ಪ ಯೋಚಿಸಿ, "ಇಲ್ಲಾಂದ್ರೆ ಪ್ರಸ್ಥಾನ ಇಡ್ಬೇಕು" ಎಂದಳು.

ಪ್ರಸ್ಥಾನವೆಂದರೆ ನಮ್ಮ ಹಿರಿಯರು ರಾಹುವಿನ ಕಣ್ಣಿಗೆ ಮಣ್ಣೆರಚಲು ಕಂಡುಹಿಡಿದ ಉಪಾಯ. ಕೆಟ್ಟ ಗಳಿಗೆಯಲ್ಲಿ ಹೊರಡಲೇಬೇಕಾದರೆ, ಒಳ್ಳೆಯ ಗಳಿಗೆ ಇರುವಾಗಲೇ ಒಂದು ಬಟ್ಟೆಯನ್ನೋ ಚೀಲವನ್ನೋ ಅಕ್ಷತೆ ಹಾಕಿ ಪಕ್ಕದ ಮನೆಯಲ್ಲಿ ಇಟ್ಟು ಬರುವುದು. ಇಟ್ಟಾಗಲೇ ಪ್ರಯಾಣ ಶುರುವಾಯಿತೆಂದು ಅರ್ಥ. ಆಮೇಲೆ ರಾಹುವಿನ ಮೂಗಿನ ಕೆಳಗೇ ಹೊರಟು ಆ ಚೀಲವನ್ನು ಎತ್ತಿಕೊಂಡು ಹೋದರೂ ಅವನು ಏನೂ ಕೇಳುವಂತಿಲ್ಲ.

ಶುಕ್ರವಾರ ಬೆಳಿಗ್ಗೆ ಅಲಮೇಲು ಒಂದು ಪಂಚೆ, ಎರಡು ಅಡಿಕೆ ಹಾಕಿ ಚೀಲ ಸಿದ್ಧ ಮಾಡಿದಾಗ ಸೀನುವಿನೊಳಗಿನ ವಿಜ್ಞಾನಿ ಎಚ್ಚೆತ್ತ.

"ಚೀಲ ಯಾಕೆ? ಸ್ಕೂಟರನ್ನೇ ಇಡೋಣ. ಈಗಿನ ಕಾಲದಲ್ಲಿ ಪ್ರಯಾಣ ಶುರುವಾಗೋದು ಹೊಸಿಲು ದಾಟಿದಾಗ ಅಲ್ಲ ಕಣೇ, ಮ್ಯಾಪಲ್ಲಿ ಸ್ಟಾರ್ಟ್ ಒತ್ತಿದಾಗ."

ಅಲಮೇಲು ಒಂದು ಕ್ಷಣ ಗಂಡನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಅವನು ಆಡಿದ ಮಾತುಗಳಲ್ಲಿ ಇದೊಂದು ಶಾಸ್ತ್ರಕ್ಕೆ ಹೊಂದುವಂತೆ ಅವಳಿಗೆ ಕಂಡಿತು.

ಪಕ್ಕದ ಮನೆ ಚಿಕ್ಕಬೈರಪ್ಪನದು. ಈ ರಸ್ತೆಯೆಲ್ಲ ಒಂದು ಕಾಲಕ್ಕೆ ಅವನ ತಾತನ ಅವರೆ ಹೊಲ. ಈಗ ಅವನಿಗೆ ಇಲ್ಲೊಂದು ಮೂರಂತಸ್ತಿನ ಮನೆ, ಬಿಟಿಎಂ ಲೇಔಟಿನಲ್ಲಿ ಎರಡು ಪಿಜಿ ಕಟ್ಟಡ, ಮನೆಯ ಹಿಂದೆ ಬಿಡಲಾರದೆ ಸಾಕಿಕೊಂಡ ಒಂದು ಹಸು. ಸೀನುವಿನ ಗಾಡಿ ನೋಡಿ ಅವನ ಮಗ ದೀಪಕ್ ಅಪ್ಪನಿಗೂ ಅಂಥದೇ ಬಿಳಿ ಸ್ಕೂಟರ್ ಕೊಡಿಸಿದ್ದ.

ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಸೀನು ಸ್ಕೂಟರನ್ನು ತಳ್ಳಿಕೊಂಡು ಹೋಗಿ ಚಿಕ್ಕಬೈರಪ್ಪನ ಪೋರ್ಟಿಕೋದಲ್ಲಿ ನಿಲ್ಲಿಸಿದ. ಮನೆಯಾಕೆ ಮರಿಯಮ್ಮ ಹಸುವಿಗೆ ಹುಲ್ಲು ಹಾಕುತ್ತಲೇ "ಮಡಗಿ ಸ್ವಾಮಿ, ಅದ್ಕೇನಂತೆ" ಎಂದಳು. ಅಲಮೇಲು ಹ್ಯಾಂಡಲ್ಲಿನ ಮೇಲೆ ಅಕ್ಷತೆ ಹಾಕಿದಳು. ಸೀನು ಫೋನನ್ನು ಹಿಡಿಕೆಗೆ ಸಿಕ್ಕಿಸಿ, ಅರೆಕೆರೆಯ ವಿಳಾಸ ಹಾಕಿ, ಸ್ಟಾರ್ಟ್ ಒತ್ತಿದ. "ಆಗ್ನೇಯ ದಿಕ್ಕಿಗೆ ಸಾಗಿ" ಎಂದಳು ಮ್ಯಾಪಿನವಳು. "ನೋಡು, ದಿಕ್ಕೂ ಹೇಳ್ತಾಳೆ!" ಎಂದು ಸೀನು ಹಿಗ್ಗಿದ. ಪ್ರಯಾಣ ಶುರುವಾದ ಮೇಲೆ ಲೈವ್ ಲೊಕೇಶನ್ ಕಳಿಸದಿದ್ದರೆ ಅದು ಸುಳ್ಳಾಗುತ್ತದೆಂದು, ಎರಡೂ ಮನೆಯವರಿದ್ದ ವಾಟ್ಸಾಪ್ ಗುಂಪಿಗೆ ಅದನ್ನೂ ಕಳಿಸಿದ. ಕೀ ತೆಗೆದರೆ ಪ್ರಯಾಣ ನಿಂತಂತಾಗುತ್ತದೆಂದು ಕೀಯನ್ನು ಗಾಡಿಯಲ್ಲೇ ಬಿಟ್ಟ. ಇಷ್ಟೆಲ್ಲ ಶಾಸ್ತ್ರೋಕ್ತವಾಗಿ ಮುಗಿಸಿ ಮನೆಗೆ ಬಂದು ಕಾಫಿಗೆ ಕೂತ.

ಹತ್ತೂ ಮುಕ್ಕಾಲಿಗೆ ಮೂವರೂ ಹೊರಟರು. ಸೀನು ಸ್ಕೂಟರಿನಲ್ಲಿ ಮುಂದೆ, ತಾಯಿಮಗಳು ಹಣ್ಣಿನ ತಟ್ಟೆಯೊಂದಿಗೆ ಆಟೋದಲ್ಲಿ ಹಿಂದೆ ಎಂದು ಏರ್ಪಾಡು. ಸೀನು ಪಕ್ಕದ ಪೋರ್ಟಿಕೋಗೆ ಹೋದ. ಪೋರ್ಟಿಕೋ ಇತ್ತು. ನೆಲದ ಮೇಲೆ ನಾಲ್ಕು ಕಾಳು ಅಕ್ಷತೆ ಇತ್ತು. ಸ್ಕೂಟರ್ ಇರಲಿಲ್ಲ.

"ಅಯ್ಯಯ್ಯೋ, ಪ್ರಸ್ಥಾನ ಕಳ್ಳತನ ಆಯ್ತು!" ಎಂದು ಸೀನು ಕೂಗಿದ ಕೂಗಿಗೆ ಬೀದಿಯ ಕಿಟಕಿಗಳೆಲ್ಲ ತೆರೆದವು.

ಮರಿಯಮ್ಮ ಹಿತ್ತಲಿಂದ ಓಡಿಬಂದಳು. "ನಮ್ ಯಜಮಾನ್ರು ಈಗ ಒಂದ್ಗಳಿಗೆ ಮುಂಚೆ ಅವರ ಗಾಡಿ ತಕಂಡು ಹೋದ್ರು. ಅವರು ಅತ್ಲಾಗೆ ಹೋಗಿದ್ದೇ ನೋಡ್ಕಂಡು ಬಂದವ್ನೆ ಕಳ್ಳನನ್ಮಗ. ಸದ್ದಾದ್ರೂ ಆಗ್ಬೇಕಲ್ವಾ ಸ್ವಾಮಿ? ಸದ್ದೇ ಇಲ್ದಿರೋ ಗಾಡಿ ತಂದ್ರೆ ಇನ್ನೇನಾಯ್ತದೆ?"

ಎದುರುಮನೆಯ ಜಯದೇವಪ್ಪನವರು ಬನಿಯನ್ನಿನಲ್ಲೇ ಇಳಿದು ಬಂದರು. ಅವರು ಪೊಲೀಸ್ ಕಮಿಷನರ್ ಕಚೇರಿಯಲ್ಲಿ ಟೈಪಿಸ್ಟಾಗಿದ್ದವರು. ಬೀದಿಯ ಅಪರಾಧಗಳೆಲ್ಲ ಅವರ ವ್ಯಾಪ್ತಿಗೆ ಸೇರಿದ್ದವು. "ಫೋನೂ ಹೋಯ್ತಾ? ಹಾಗಾದ್ರೆ ಗಾಡಿ ಎಲ್ಲಿದೆ ಅಂತ ಅದ್ರಲ್ಲೇ ನೋಡಿ" ಎಂದರು.

ಸಮನ್ವಿತಾ ತನ್ನ ಫೋನಿನಲ್ಲಿ ವಾಟ್ಸಾಪ್ ಗುಂಪು ತೆರೆದಳು. ನೀಲಿ ಚುಕ್ಕಿಯೊಂದು ಸಾರಕ್ಕಿ ಸಿಗ್ನಲ್ ದಾಟಿ ನಿಧಾನವಾಗಿ ಸಾಗುತ್ತಿತ್ತು. ಅವಳ ಕಣ್ಣು ಅಗಲವಾಯಿತು. "ಅಪ್ಪ... ಕಳ್ಳ ಅರೆಕೆರೆ ಕಡೆಗೇ ಹೋಗ್ತಿದಾನೆ!"

"ಇದು ಹೊಸ ಟೆಕ್ನಿಕ್ಕು" ಎಂದರು ಜಯದೇವಪ್ಪ, ಒಂದಿಷ್ಟೂ ತಡವರಿಸದೆ. "ಗಾಡಿ ಕದಿಯೋದು, ಮ್ಯಾಪಲ್ಲಿ ಎಲ್ಲಿಗೆ ಅಂತ ಹಾಕಿರ್ತಾರೋ ಆ ಮನೆಗೇ ಹೋಗಿ ಅಲ್ಲೂ ಕದಿಯೋದು. ಒಂದೇ ಓಡಾಟದಲ್ಲಿ ಎರಡು ಕೆಲಸ."

"ಬೀಗರ ಮನೆಗೆ ನಾವೇ ಕಳ್ಳನ್ನ ಕಳಿಸಿದ ಹಾಗಾಯ್ತಲ್ರೀ! ಅದೂ ಅಕ್ಷತೆ ಹಾಕಿ!" ಎಂದು ಅಲಮೇಲು ತಲೆಯ ಮೇಲೆ ಕೈಹೊತ್ತಳು.

ಸಮನ್ವಿತಾ ಅಪ್ಪನ ನಂಬರಿಗೆ ಫೋನು ಮಾಡಿದಳು. ಎರಡು ಸಲ ಹೊಡೆದುಕೊಂಡು ಕಟ್ಟಾಯಿತು. ಮತ್ತೆ ಮಾಡಿದಳು. ಮತ್ತೆ ಕಟ್ಟು. "ಎಷ್ಟು ಪೊಗರು ನೋಡಿ" ಎಂದು ಜಯದೇವಪ್ಪ ಹಲ್ಲು ಕಡಿದರು. ಪೊಲೀಸರಿಗೆ ಹೇಳೋಣವೆಂದರೆ, ಪೊಲೀಸರು ಚುಕ್ಕಿಯ ಹಿಂದೆ ಹೋಗಿ ನಿಲ್ಲುವುದು ಕಮಲಾದೇವಿಯವರ ಬಾಗಿಲಲ್ಲಿ. ಹೆಣ್ಣಿನ ಕಡೆಯವರಿಗಿಂತ ಮುಂಚೆ ಪೊಲೀಸ್ ಜೀಪು ಬಂದು ನಿಂತರೆ ಯಾವ ಗಂಡಿನ ಮನೆಯವರು ಹೂಂ ಅಂದಾರು? ಮೂವರೂ ಆಟೋ ಹತ್ತಿದರು.

ಆಟೋ ಜೆ.ಪಿ. ನಗರ ಸೇರುವಷ್ಟರಲ್ಲಿ ಅಲಮೇಲುವಿಗೆ ಇನ್ನೊಂದು ದೊಡ್ಡ ಸಂಶಯ ಹುಟ್ಟಿತು. "ಅಲ್ರೀ, ಪ್ರಸ್ಥಾನ ಇಟ್ಟವರು ಅದನ್ನ ತಗೊಂಡು ಹೋಗ್ಬೇಕು. ಅದೇ ನಮ್ಮನ್ನ ಬಿಟ್ಟು ಹೋಗ್ಬಿಟ್ರೆ? ಈಗ ನಾವು ಹೊರಟಿದ್ದು ಒಳ್ಳೆ ಗಳಿಗೆಗೋ, ರಾಹುಕಾಲಕ್ಕೋ?"

ಇದಕ್ಕೆ ಯಾವ ಧರ್ಮಶಾಸ್ತ್ರದಲ್ಲೂ ಉತ್ತರವಿಲ್ಲ. ಋಷಿಗಳ ಕಾಲದಲ್ಲಿ ಪಕ್ಕದ ಮನೆಯಲ್ಲಿಟ್ಟ ಬಟ್ಟೆಗಂಟು ತಾನಾಗಿ ಬನ್ನೇರುಘಟ್ಟ ರಸ್ತೆಗೆ ಹೋದ ಉದಾಹರಣೆಯಿಲ್ಲ. ಸೀನು ಉತ್ತರ ಹುಡುಕುತ್ತಿರುವಾಗಲೇ ಸಮನ್ವಿತಾಳ ಫೋನು ಬಡಿದುಕೊಂಡಿತು. ಕಮಲಾದೇವಿ.

"ಅಪ್ಪಾ, ನಿಜ ಹೇಳ್ಬಿಡು" ಎಂದು ಪಿಸುಗುಟ್ಟುತ್ತ ಅವಳು ಫೋನು ಅಪ್ಪನ ಕೈಗೆ ಕೊಟ್ಟಳು. ಸೀನು ಬಾಯಿ ತೆರೆದ. ನಿಜ ನಾಲಿಗೆಯ ತುದಿಯವರೆಗೆ ಬಂತು. ಆಚೆ ಬರಲಿಲ್ಲ.

"ನಮಸ್ಕಾರ ಮೇಡಂ. ಮಗಳ ಫೋನೂ ನನ್ ಹತ್ರಾನೇ ಇದೆ. ಬರ್ತಾ ಇದೀನಿ."

"ನಿಮ್ಮ ಫೋನ್ ಕಟ್ಟಾಗ್ತಿತ್ತು. ಚುಕ್ಕಿ ನೋಡ್ತಾ ಇದೀನಿ. ಹತ್ತು ನಿಮಿಷದಿಂದ ಒಂದೇ ಕಡೆ ನಿಂತಿದೀರಲ್ಲ, ಏನಾಯ್ತು?"

ಸೀನು ಮಗಳ ಕಡೆ ನೋಡಿದ. ನಿಜ ಹೇಳೆಂದು ಅವಳು ಕೈಸನ್ನೆ ಮಾಡಿದಳು. ಅವನು ಕಾಣದವನಂತೆ ಮುಖ ತಿರುಗಿಸಿದ. "ಪಂಕ್ಚರು ಮೇಡಂ. ದೊಡ್ಡ ಮೊಳೆ. ಟಯರೇ ಬಿಚ್ಚಿದಾರೆ."

"ಅಯ್ಯೋ ಪಾಪ. ಆದ್ರೆ ಈಗ ಚುಕ್ಕಿ ಓಡ್ತಾ ಇದೆಯಲ್ಲ?"

"ಹಾಕ್ಬಿಟ್ರು! ಈಗ ತಾನೇ ಹಾಕ್ಬಿಟ್ರು. ಹೊರಟೆ."

"ಗಾಡಿ ಓಡಿಸ್ತಾ ಫೋನಲ್ಲಿ ಮಾತಾಡ್ತಿದೀರಾ?"

"ಛೆ ಛೆ! ನಿಲ್ಲಿಸಿ ಮಾತಾಡ್ತಿದೀನಿ ಮೇಡಂ."

"ನಿಂತಿದೀರಾ? ಚುಕ್ಕಿ ಬಿಳೇಕಹಳ್ಳಿ ದಾಟ್ತಾ ಇದೆ."

ಸೀನು ಹಣೆ ಒರೆಸಿಕೊಂಡ. "ಅದು... ಇಳಿಜಾರು ಮೇಡಂ" ಎಂದ.

ಆಟೋದವನು ಕನ್ನಡಿಯಲ್ಲಿ ಹಿಂದೆ ನೋಡಿ, "ಸಾರ್, ನಾನೂ ಇಪ್ಪತ್ತು ವರ್ಷದಿಂದ ಹೆಂಡ್ತಿಗೆ ಸುಳ್ಳು ಹೇಳ್ತಿದೀನಿ. ನಿಮ್ಮಷ್ಟು ಕಷ್ಟ ನಾನು ಯಾವತ್ತೂ ಪಟ್ಟಿಲ್ಲ" ಎಂದ. ಆಚೆ ಕಡೆಯಿಂದ ಕಮಲಾದೇವಿ ಒಳಗೆ ತಿರುಗಿ "ಸೀತಮ್ಮ, ಬೋಂಡಾ ಬಿಡು" ಎಂದದ್ದು ಆಟೋಗೆಲ್ಲ ಕೇಳಿಸಿತು. ಅವರು ಫೋನು ಇಡಲಿಲ್ಲ. ಪರೀಕ್ಷೆಯ ಹಾಲಿನಲ್ಲಿ ನಕಲು ಹೊಡೆಯುವವನ ಹಿಂದೆಯೇ ನಿಲ್ಲುವ ಮೇಷ್ಟರ ಹಾಗೆ ಮಾತಾಡಿಸುತ್ತಲೇ ಹೋದರು. ಅರೆಕೆರೆ ಗೇಟು ಬಂತು ಅಂದರು. ಎಡಕ್ಕೆ ತಿರುಗಿ ಅಂದರು. ಸೀನು ಎಲ್ಲಕ್ಕೂ ಹೂಂಗುಟ್ಟಿದ. ಅವನಿದ್ದ ಆಟೋ ಆಗಿನ್ನೂ ಬಿಳೇಕಹಳ್ಳಿಯ ಸಿಗ್ನಲ್ಲಿನಲ್ಲಿ ನೀರಿನ ಟ್ಯಾಂಕರೊಂದರ ಹಿಂದೆ ಸಿಕ್ಕಿಕೊಂಡಿತ್ತು.

"ಹಾಂ, ಕಾಣಿಸಿದ್ರಿ ಕಾಣಿಸಿದ್ರಿ! ಗೇಟ್ ಮುಂದೇನೇ ಇದೀರಿ. ಅಲ್ಲೇ ನಿಲ್ಲಿಸಿ, ನೆರಳಿದೆ. ಪಂಚೆ ಬಹಳ ಚೆನ್ನಾಗಿದೆ."

ಸೀನು ತನ್ನ ಕಾಲು ನೋಡಿಕೊಂಡ. ಅವನು ತೊಟ್ಟಿದ್ದು ಕಂದು ಬಣ್ಣದ ಪ್ಯಾಂಟು.

"ಹೆಲ್ಮೆಟ್ ಒಳಗೇ ಫೋನ್ ಸಿಕ್ಕಿಸ್ಕೊಂಡಿದೀರಿ ಅನ್ಸುತ್ತೆ. ಇಡಿ ಇಡಿ, ಒಳಗೆ ಬನ್ನಿ. ಸೀತಮ್ಮ, ಆರತಿ ತಾ!" ಫೋನು ಕಟ್ಟಾಯಿತು.

"ಕಳ್ಳನಿಗೆ ಆರತಿ ಎತ್ತುತ್ತಿದಾರೆ" ಎಂದ ಸೀನು. ಅಲಮೇಲು ಕಣ್ಣು ಮುಚ್ಚಿಕೊಂಡು ವಿಷ್ಣುಸಹಸ್ರನಾಮ ಶುರು ಮಾಡಿದಳು.

ಸಹಸ್ರನಾಮ ಮುಗಿಯುವ ಮೊದಲೇ ಆಟೋ ಅರೆಕೆರೆ ಮುಟ್ಟಿತು. ಗೇಟಿನ ಮುಂದೆ ದೊಡ್ಡ ರಂಗೋಲಿ. ಪಕ್ಕದ ನೆರಳಿನಲ್ಲಿ ಸೀನುವಿನ ಬಿಳಿ ಸ್ಕೂಟರ್. "ನೀವು ಗುರಿಯನ್ನು ತಲುಪಿದ್ದೀರಿ" ಎಂದು ಮ್ಯಾಪಿನವಳು ಆಗಲೇ ಹೇಳಿ ಸುಮ್ಮನಾಗಿದ್ದಳು. ಸೀನು ಅಲ್ಲೇ ಬಿದ್ದಿದ್ದ ಪೊರಕೆಯೊಂದನ್ನು ಕೈಗೆತ್ತಿಕೊಂಡು, ಮಗಳ ಬಾಳು ಉಳಿಸಲು ಒಳಗೆ ನುಗ್ಗಿದ.

ನಡುಮನೆಯ ಸೋಫಾದ ಮೇಲೆ ಹಣೆಗೆ ಕುಂಕುಮವಿಟ್ಟುಕೊಂಡು, ಎಡಗೈಯಲ್ಲೊಂದು ಬಲಗೈಯಲ್ಲೊಂದು ಬೋಂಡಾ ಹಿಡಿದು ಚಿಕ್ಕಬೈರಪ್ಪ ಕೂತಿದ್ದ.

"ಬನ್ನಿ ಬನ್ನಿ ಸ್ವಾಮೇರೆ!" ಎಂದ ಅವನು ತುಂಬಿದ ಬಾಯಲ್ಲಿ. "ನೀವೂ ಮೋಟ್ರು ರಿಪೇರಿಗೆ ಬಂದ್ರಾ? ಬಲೇ ಒಳ್ಳೆ ಜನ ಕಣ್ರೀ ಇವರು. ಮೋಟ್ರು ತಂದಿದೀರಾ ಅಂತ್ಲೂ ಕೇಳ್ಲಿಲ್ಲ. ಆರ್ತಿ ಎತ್ತಿ ಒಳೀಕೆ ಕರ್ದು ತಿಂಡಿ ಕೊಟ್ಬುಟ್ರು."

ಕಮಲಾದೇವಿ ಕನ್ನಡಕ ಸರಿಮಾಡಿಕೊಂಡು ಪೊರಕೆ ಹಿಡಿದ ಸೀನುವನ್ನು ನೋಡಿದರು. "ನೀವು ಯಾರು?"

"ನಾನು ಹುಡುಗಿ ತಂದೆ."

"ಹಾಗಾದ್ರೆ ಇವರು?"

"ಇವರು ನಮ್ಮ ಪಕ್ಕದ್ಮನೆಯವರು."

ಚಿಕ್ಕಬೈರಪ್ಪ ಬೋಂಡಾ ನುಂಗಿ ತನ್ನ ಕಥೆ ಹೇಳಿದ. ಬಿಟಿಎಂನ ಪಿಜಿ ಕಟ್ಟಡದ ಮೋಟರು ಕೆಟ್ಟಿತ್ತು. ಹೊಸ ರಿಪೇರಿಯವನ ಅಂಗಡಿ ಅವನಿಗೆ ಗೊತ್ತಿರಲಿಲ್ಲ. ಗಾಡಿಗೆ ಒಂದು ಫೋನು ಕಟ್ಟಿ ದಾರಿ ಹಾಕಿಕೊಡೆಂದು ರಾತ್ರಿ ಮಗನಿಗೆ ಹೇಳಿದ್ದ. ಮಗ ಹೂಂ ಎಂದಿದ್ದ. ಬೆಳಿಗ್ಗೆ ಹೊರಗೆ ಬಂದರೆ ಪೋರ್ಟಿಕೋದಲ್ಲಿ ಬಿಳಿ ಗಾಡಿ, ಅದರಲ್ಲಿ ಕೀ, ಮಾತಾಡುವ ಫೋನು.

"ನಮ್ ದೀಪಕ್ಕು ಹುಟ್ದಾಗಿಂದ ಒಂದ್ ಮಾತು ಕೇಳಿದವನಲ್ಲ ತಾಯಿ. ಇವತ್ತು ಕೇಳವ್ನೆ ಅಂತ ನಂಗೆ ಕಣ್ಣಲ್ಲಿ ನೀರೇ ಬಂದ್ಬುಡ್ತು. ಅದ್ಕೇ ಫೋನೊಳಗಿನ ಯಮ್ಮ ಹೆಂಗೆ ಹೇಳಿದ್ಲೋ ಹಂಗೇ ಬಂದೆ. ನಡುವೆ ಒಂದು ಎಳ್ನೀರು ಕುಡ್ದಿದ್ದು ಬಿಟ್ರೆ ಬೇರೆ ಕಡೆ ತಿರುಗ್ಲಿಲ್ಲ. ಯಾವನೋ ಫೋನ್ ಮೇಲೆ ಫೋನ್ ಮಾಡ್ತಿದ್ದ, ಕಟ್ ಮಾಡ್ದೆ. ಗಾಡಿ ಓಡಿಸ್ವಾಗ ಮಾತಾಡ್ಬಾರ್ದಲ್ಲ." ಆಮೇಲೆ ಅವನ ಮುಖ ಬಾಡಿತು. "ಹಂಗಾರೆ ಆ ನನ್ಮಗ ಕೇಳ್ಲಿಲ್ಲ ಅನ್ನಿ. ನನ್ ಗಾಡೀನೂ ಅವನೇ ತಕಂಡು ಹೋಗಿರ್ಬೇಕು."

"ನಿಮ್ಮ ಗಾಡಿ ಅವರ ಮನೇಲಿ ಯಾಕಿತ್ತು?" ಕಮಲಾದೇವಿ ಕೇಳಿದ್ದು ಸೀನುವನ್ನು.

"ಅದು... ಬಿಸಿಲಿಗೆ ಬ್ಯಾಟರಿ ಕಾಯುತ್ತೆ ಅಂತ ನೆರಳಿಗೆ..."

"ಲೊಕೇಶನ್ ಬಂದಿದ್ದು ಹತ್ತು ಇಪ್ಪತ್ತಕ್ಕೆ" ಎಂದರು ಕಮಲಾದೇವಿ, ಕರಿಹಲಗೆಯ ಮೇಲೆ ಬರೆಯುವವರ ಹಾಗೆ. "ಮೊದಲ ಹತ್ತು ನಿಮಿಷ ಗಾಡಿ ಅಲ್ಲಾಡ್ಲಿಲ್ಲ. ಹತ್ತೂವರೆಗೆ ರಾಹುಕಾಲ ಶುರು. ಆರತಿ ಎತ್ತುವಾಗ ನೋಡಿದೆ, ಹ್ಯಾಂಡಲ್ ಸಂದೀಲಿ ಅಕ್ಷತೆ ಸಿಕ್ಕೊಂಡಿತ್ತು. ನಮ್ಮಜ್ಜಿ ಚೀಲ ಇಡ್ತಿದ್ರು. ಸ್ಕೂಟರ್ ಇಟ್ಟಿದ್ದು ಇದೇ ಮೊದಲು ನೋಡ್ತಿರೋದು."

ಹೊರಗೆ ಮೊಸರು ತರಲು ಹೋಗಿದ್ದ ವಸಿಷ್ಠ ಒಳಗೆ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಅವನು ಸಮನ್ವಿತಾಳ ಮುಖ ನೋಡಿದ. ಅವಳು ನೆಲ ನೋಡಿದಳು. ಮಗಳು ಹಾಗೆ ತಲೆ ತಗ್ಗಿಸಿದ್ದನ್ನು ಕಂಡು ಸೀನು ಪೊರಕೆಯನ್ನು ಗೋಡೆಗೆ ಒರಗಿಸಿದ.

"ಮೇಡಂ, ಪಂಕ್ಚರ್ ಆಗ್ಲಿಲ್ಲ. ಇಳಿಜಾರೂ ಇಲ್ಲ. ನಮ್ಮನೇಲಿ ಪಂಚಾಂಗ ಇದೆ, ಮೂರಿವೆ. ವಿಜ್ಞಾನ ನನಗೆ ಏನೂ ಗೊತ್ತಿಲ್ಲ. ಇರೋಳು ಒಬ್ಬಳೇ ಮಗಳು. ನನ್ನಿಂದಾಗಿ ಅವಳನ್ನ ಎಲ್ಲಿ ಬೇಡ ಅಂದ್ಬಿಡ್ತೀರೋ ಅಂತ ಭಯ ಆಯ್ತು. ಅದಕ್ಕೆ ನಿಮಗೆ ಹಿಡಿಸೋ ಹಾಗೆ ಹೇಳ್ದೆ. ತಪ್ಪು ನಂದು. ಅವಳು ನಿಜ ಹೇಳು ಅಂತಾನೇ ಹೇಳಿದ್ಲು."

ಕಮಲಾದೇವಿ ಚಿಕ್ಕಬೈರಪ್ಪನ ಕಡೆ ತಿರುಗಿದರು. "ಪಕ್ಕದ್ಮನೆಯವರು ನೀವೇ ಇದೀರಿ. ಕೇಳ್ಬಿಡೋಣ. ಈ ಮನುಷ್ಯ ಯಾವಾಗಲೂ ಹೀಗೇನಾ?"

ಹೆಣ್ಣಿನ ಮನೆಯ ಬಗ್ಗೆ ನೆರೆಯವರನ್ನು ವಿಚಾರಿಸುವುದು ಎಲ್ಲ ಕಡೆಯೂ ಇದ್ದದ್ದೇ. ಆದರೆ ಅದನ್ನು ಹೆಣ್ಣಿನವರ ಬೆನ್ನ ಹಿಂದೆ ಮಾಡುತ್ತಾರೆ.

"ಸ್ವಾಮೇರಿಗೆ ಸುಳ್ಳೇಳಕ್ ಬರಾಕಿಲ್ಲ ತಾಯಿ" ಎಂದ ಚಿಕ್ಕಬೈರಪ್ಪ ಗಂಭೀರವಾಗಿ. "ಹೇಳ್ತಾರೆ. ಆದ್ರೆ ಬರಾಕಿಲ್ಲ. ಹೋದ್ವರ್ಸ ನಮ್ಮ ಹಸ ಇವರ ಸೇವಂತಿಗೆ ಗಿಡ ಎಲ್ಲಾ ಮೇಯ್ದುಬುಡ್ತು. ನಮ್ಮೋಳು ಬೇಜಾರ್ ಮಾಡ್ಕಂತಾಳೆ ಅಂತ, 'ನಾನೇ ಕಿತ್ತಾಕ್ದೆ ಮರಿಯಮ್ಮ' ಅಂದ್ರು. ಹಸನ ಬಾಯಲ್ಲಿ ಇನ್ನೂ ಹೂವಿತ್ತು!"

ಸೀತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಕಮಲಾದೇವಿಯವರ ಮುಖ ಮಾತ್ರ ಸಡಿಲವಾಗಲಿಲ್ಲ. ಅವರು ಎದ್ದು ಕಿಟಕಿಯವರೆಗೆ ಹೋಗಿ ಬಂದರು.

"ಸರಿ. ಹುಡುಗ ಹುಡುಗಿ ಒಪ್ಪಿದಾರೆ, ಎಳೆಯೋದು ಬೇಡ. ಈ ಭಾನುವಾರ ಸಂಜೆ ಐದು ಗಂಟೆಗೆ ಇಲ್ಲೇ ನಿಶ್ಚಿತಾರ್ಥ. ಏನ್ ಹೇಳ್ತೀರಿ?"

ವಸಿಷ್ಠ ನಕ್ಕ. ಸಮನ್ವಿತಾ ತಲೆಯೆತ್ತಿದಳು. ಅಲಮೇಲು ಮಾತ್ರ ಗಂಡನ ತೋಳನ್ನು ಗಟ್ಟಿಯಾಗಿ ಚಿವುಟಿದಳು. ಒಪ್ಪಿಕೊಳ್ಳಿ ಎಂದೋ ಬೇಡವೆಂದೋ ಅವಳಿಗೇ ಗೊತ್ತಿರಲಿಲ್ಲ. ಹೂಂ ಎನ್ನುವ ಒಂದಕ್ಷರದಲ್ಲಿ ಎಲ್ಲ ಮುಗಿಯುತ್ತಿತ್ತು. ಸೀನು ಮಗಳ ಮುಖ ನೋಡಿದ.

"ಮೇಡಂ, ಕ್ಷಮಿಸಿ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ನಮ್ಮನೇಲಿ ನೋಡ್ತೀವಿ."

ಒಲೆಯ ಮೇಲೆ ಎಣ್ಣೆ ಚಟಪಟಗುಟ್ಟುವುದು ಕೇಳಿಸುತ್ತಿತ್ತು.

"ಗೊತ್ತು" ಎಂದರು ಕಮಲಾದೇವಿ. "ಮೂವತ್ತೆಂಟು ವರ್ಷ ಮಕ್ಕಳ ಮುಂದೆ ರಾಹುಕಾಲನ ಬೈದಿದೀನಿ. ಬಾಯಿಪಾಠ ಇಲ್ದೆ ಬೈಯಕ್ಕಾಗುತ್ತಾ? ಐದು ಗಂಟೆ ಅಂತ ಬೇಕಂತಲೇ ಹೇಳ್ದೆ. ಈ ಸಲ ನಿಜ ಹೇಳ್ತೀರೋ ಇಲ್ವೋ ನೋಡೋಣ ಅಂತ." ಅವರು ಅಲಮೇಲುವಿನ ಕೈ ಹಿಡಿದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. "ಆರೂವರೆಗೆ ಇಟ್ಕೊಳ್ಳೋಣ. ಬೀಗರೇ, ನೀವೂ ಕೂತ್ಕೊಳ್ಳಿ."